ಕರೆಯಬಾರದ ಹೆಸರು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದೆ. ಫೋನ್ ಮಾಡಿದವರು ಅವರ ತಮ್ಮ. ಬೆಳಿಗ್ಗೆ ಕಾಫಿ ಕುಡಿದು ಮತ್ತೆ ಮಲಗಿದವರು ಏಳಲಿಲ್ಲವಂತೆ. ನಾನು ಸರಿ ಎಂದೆ. ದೇಹವನ್ನು ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿದೆ. ಆಮೇಲೆ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಪೂರ್ತಿ ತಿಂದು, ನಲ್ಲಿಯಲ್ಲಿ ಕೈ ತೊಳೆದು, ಅವರ ಊರಾದ ಕೆ.ಆರ್. ನಗರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವಾದದ್ದೂ ನೆನಪಿದೆ.

ಅವರ ಮನೆಯ ನಡುಕೋಣೆಯಲ್ಲಿ ಹೆಂಗಸರು ಅಳುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತೆ. ಮೇಡಂ ಮುಖದಲ್ಲಿ ವಿಶೇಷವೇನೂ ಇರಲಿಲ್ಲ. ಯಾರೋ ಕನ್ನಡಕ ತೆಗೆದಿದ್ದರು, ಅದರಿಂದ ಸ್ವಲ್ಪ ಬೇರೆಯವರಂತೆ ಕಾಣುತ್ತಿದ್ದರು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ನೋಡಿದರು.

"ನಿನಗೇನಾಗ್ಬೇಕವ್ವ?"

"ಜೊತೇಲಿ ಕೆಲಸ ಮಾಡ್ತಿದ್ದೆ."

"ಓಹೋ, ಅದ್ಕೇಯಾ" ಎಂದು ಅವರು ಮತ್ತೆ ಅಳಲು ತಿರುಗಿದರು.

ಅದಕ್ಕೇ ನಾನು ಅಳುತ್ತಿಲ್ಲ ಎಂದು ಅವರ ಅರ್ಥ. ತಪ್ಪು ಎನಿಸಲಿಲ್ಲ. ಈ ಬರಹವನ್ನು ಬರೆಯುವಾಗಲೂ ನನಗೆ ಅಳು ಬಂದಿಲ್ಲ. ನೆನಪಿರುವುದನ್ನು ಬರೆಯುತ್ತಿದ್ದೇನೆ, ಅಷ್ಟೆ. ಅವರ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗ ಅವರು ಫೋಟೋಕ್ಕೂ ನಿಲ್ಲುತ್ತಿರಲಿಲ್ಲ.

ನಮ್ಮದು ಹುಣಸೂರಿನ ಒಂದು ಸಣ್ಣ ಕೇಂದ್ರ. ಚಿಕ್ಕ ಮಕ್ಕಳಲ್ಲಿ ಮಾತು, ನಡಿಗೆ, ನೋಟ ತಡವಾದರೆ ಅಂಗನವಾಡಿಯವರೋ ಆಸ್ಪತ್ರೆಯವರೋ ನಮಗೆ ತಿಳಿಸುತ್ತಾರೆ. ನಾವು ಮನೆಗೆ ಹೋಗಿ ನೋಡುತ್ತೇವೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಅಲ್ಲಿ ಸೇರಿದಾಗ ಮೇಡಂ ಅಲ್ಲಿಯ ಮುಖ್ಯಸ್ಥೆ. ದಪ್ಪ ಚೌಕಟ್ಟಿನ ಕನ್ನಡಕ, ಗಂಜಿ ಹಾಕಿದ ಕಾಟನ್ ಸೀರೆ, ಬೀದಿಯ ಆ ತುದಿಗೆ ಕೇಳಿಸುವ ಗಂಟಲು. ಸೇರಿದ ದಿನ ನನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿ, "ಇಷ್ಟೊಂದು ಓದಿದ್ದೀಯ. ನೆಲದ ಮೇಲೆ ಕೂರಕ್ಕೆ ಬರ್ತದಾ?" ಎಂದು ಕೇಳಿದರು.

ಬರುತ್ತದೆ ಎಂದೆ. ಬರುತ್ತಿರಲಿಲ್ಲ ಎಂಬುದು ಆ ವಾರವೇ ಗೊತ್ತಾಯಿತು. ಕೂಸನ್ನು ನೋಡುವುದಕ್ಕೆ ಅವರದೇ ಒಂದು ಕ್ರಮವಿತ್ತು. ನೆಲದ ಮೇಲೆ ಕಾಲು ನೀಡಿ ಕೂತು, ಎಣ್ಣೆನೀರು ಹಾಕುವಾಗ ಅಜ್ಜಿಯರು ಮಲಗಿಸಿಕೊಳ್ಳುತ್ತಾರಲ್ಲ, ಹಾಗೆ ಕೂಸನ್ನು ಕಾಲುಗಳ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಿದ್ದರು. ಮುಖಕ್ಕೆ ಮುಖ. ಆಮೇಲೆ ಏನೂ ಮಾಡದೆ ಕಾಯುತ್ತಿದ್ದರು. ಅದು ಸದ್ದು ಮಾಡಿದರೆ ಅದೇ ಸದ್ದನ್ನು ತಾವೂ ಮಾಡುತ್ತಿದ್ದರು. ಅದು ಹುಬ್ಬು ಎತ್ತಿದರೆ ತಾವೂ ಎತ್ತುತ್ತಿದ್ದರು. ಅದು ಮುಖ ತಿರುಗಿಸಿದರೆ ಮತ್ತೆ ಈ ಕಡೆ ನೋಡುವವರೆಗೆ ಸುಮ್ಮನಿರುತ್ತಿದ್ದರು. ಮನೆಯವರು ಕಾಫಿ ತಂದು ಹಿಡಿದು ನಿಂತಿರುತ್ತಿದ್ದರು. ಆರಿ ಹೋದ ಕಾಫಿಯನ್ನು ಅವರು ಒಂದೇ ಗುಟುಕಿಗೆ ಕುಡಿಯುತ್ತಿದ್ದರು.

ನಾನು ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಮೊದಲ ಕೆಲವು ವರ್ಷಗಳಲ್ಲಿ ಮಗುವಿನ ಸದ್ದಿಗೆ, ನೋಟಕ್ಕೆ, ಅಳುವಿಗೆ ಯಾರಾದರೂ ಸ್ಪಂದಿಸಿದಾಗಲೆಲ್ಲ ಮೆದುಳಿನ ನರಕೋಶಗಳ ನಡುವಿನ ಕೊಂಡಿಗಳು ಗಟ್ಟಿಯಾಗುತ್ತವೆ. ಯಾರೂ ಸ್ಪಂದಿಸದಿದ್ದರೆ ಸಡಿಲವಾಗುತ್ತವೆ. ಅಷ್ಟೇ ಅಲ್ಲ, ಅಂಥ ಮಗುವಿನ ಮೈ ಸದಾ ಭಯದಲ್ಲಿ ಎಚ್ಚರವಾಗಿರುವುದನ್ನು ಕಲಿತುಬಿಡುತ್ತದೆ. ಇದನ್ನು ಹಳ್ಳಿಯ ತಾಯಂದಿರಿಗೆ ಹೇಳುವಾಗ ನಾನು ತಡವರಿಸುತ್ತಿದ್ದೆ. ಮೇಡಂ ತಡವರಿಸುತ್ತಿರಲಿಲ್ಲ. "ತಲೆ ಒಳಗೆ ಕಾಲ್ದಾರಿಗಳವ್ವ" ಎನ್ನುತ್ತಿದ್ದರು. "ಜನ ಓಡಾಡಿದ್ರೆ ದಾರಿ. ಓಡಾಡ್ದೆ ಇದ್ರೆ ಮುಳ್ಳು ಬೆಳಕೊತದೆ."

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಮಾತು ಕೇಳುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಮುಂದೆ ಇರುತ್ತಾರೆ. ಒಳಗೆ ತೂಗುಹಾಕಿದ ಸೊಪ್ಪಿಗೆ ಶಾಖ ಏರಬಾರದು, ಇಳಿಯಬಾರದು. ಅಂಥ ಒಂದು ದಿನ ಒಬ್ಬಳು ತಾಯಿ, "ಭಾನ್ವಾರ ಪೂರ್ತಿ ಎತ್ಕೊಂಡೇ ಇರ್ತೀನಿ ಮೇಡಂ, ಮಿಕ್ಕಿದ್ ದಿನ ಆಗಕಿಲ್ಲ" ಎಂದಳು. ಮೇಡಂ ಒಲೆಯ ಬಾಯಿಯ ಪಕ್ಕ ಕೂತರು.

"ಸೌದೆ ಯಾವಾಗ ಹಾಕ್ತೀಯ?"

"ಶಾಖ ಇಳ್ದಾಗ."

"ಒಂದ್ ಗಾಡಿ ಸೌದೇನ ಭಾನ್ವಾರವೇ ತುಂಬ್ಬುಟ್ಟು ವಾರ ಪೂರ್ತಿ ಮಲ್ಕೊ. ಏನಾಯ್ತದೆ?"

"ಅಯ್ಯೋ, ಸೊಪ್ಪೆಲ್ಲ ಕೆಟ್ಟೋಯ್ತದೆ!"

"ಗೊತ್ತಲ್ಲ ಮತ್ತೆ" ಎಂದು ಎದ್ದರು. ಅಷ್ಟೇ ಪಾಠ. ಅವಳು ಮಾಡಿದಳೋ ಬಿಟ್ಟಳೋ ನನಗೆ ತಿಳಿಯದು.

ಮೇಡಂ ಮದುವೆಯಾಗಿರಲಿಲ್ಲ. ಇದು ಹೇಗೋ ನಾವು ಹೋಗುವ ಊರಿಗೆಲ್ಲ ನಮಗಿಂತ ಮುಂಚೆ ತಲುಪಿರುತ್ತಿತ್ತು. ಸಾಲಿಗ್ರಾಮದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಮಗೆ ಕೇಳಿಸುವ ಹಾಗೆಯೇ, "ಹೆರದೋಳು ಬಂದವ್ಳೆ, ಹೆತ್ತೋರಿಗೆ ಯೋಳ್ಕೊಡಕ್ಕೆ" ಎಂದರು. ನಾನು ತಲೆ ತಗ್ಗಿಸಿದೆ. ಮೇಡಂ, "ಹೆತ್ತೋರಿಗೆಲ್ಲ ಗೊತ್ತಿದ್ದಿದ್ರೆ ನನಗ್ಯಾರು ಸಂಬಳ ಕೊಡ್ತಿದ್ರು ಕಣಜ್ಜಿ? ಸುಮ್ನಿರಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಎಂದರು. ಅಜ್ಜಿಯೇ ನಕ್ಕರು.

ದೊಡ್ಡವರ ವಿಷಯದಲ್ಲಿ ಅವರಿಗೆ ತಾಳ್ಮೆ ಕಡಿಮೆ. ಎಚ್.ಡಿ. ಕೋಟೆಯ ಒಬ್ಬ ತಂದೆ ಊಟದ ಹೊತ್ತಿಗೆ ಮಗಳ ಮುಂದೆ ಫೋನ್ ನಿಲ್ಲಿಸುತ್ತಿದ್ದ. "ನಿನ್ ಮಗಳು ನಕ್ರೆ ಈ ಫೋನ್ ನಗ್ತದೇನಯ್ಯಾ? ನೀನು ನಕ್ರೂ ನಗದಿರೋರ ಮುಂದೆ ಎಷ್ಟೊತ್ತು ಕೂತ್ಕೊತೀಯ?" ಎಂದು ಕೂಗಿದ್ದಕ್ಕೆ ಅವನು ನಮ್ಮನ್ನು ಮತ್ತೆ ಮನೆಗೆ ಸೇರಿಸಲಿಲ್ಲ. ಆ ಮಗು ನಮ್ಮ ಕೈತಪ್ಪಿತು. ಬಸ್ಸಿನಲ್ಲಿ ಮೇಡಂ, "ನನ್ನ ಬಾಯಿಗೆ ಬೀಗ ಹಾಕ್ಬೇಕು" ಎಂದರು. ಮುಂದಿನ ವಾರ ಇನ್ನೊಂದು ಮನೆಯಲ್ಲಿ ಹಾಗೆಯೇ ಕೂಗಿದರು.

ನನ್ನನ್ನು ಅವರು ಸ್ವಂತ ವಿಷಯ ಕೇಳಿದ್ದು ಒಂದೇ ಸಲ. ಪಿರಿಯಾಪಟ್ಟಣದ ಆಚೆಯ ಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, "ನೀನು ಚಿಕ್ಕೋಳಿದ್ದಾಗ ನಿನ್ನ ಯಾರು ನೋಡ್ಕೊಂಡ್ರು?" ಎಂದರು. ನಾನು ರಸ್ತೆಯ ಆಚೆಯ ಅಂಗಡಿಗಳನ್ನು ನೋಡಿದೆ. ಅವರು ಒಂದು ಕ್ಷಣ ಕಾದು, "ಬಿಸಿಲು ಜಾಸ್ತಿ ಇವತ್ತು" ಎಂದರು. ಮತ್ತೆಂದೂ ಕೇಳಲಿಲ್ಲ. ಇಷ್ಟು ಗಟ್ಟಿ ಗಂಟಲಿನವರು ಸುಮ್ಮನಾದ ರೀತಿ ನನಗೆ ಹಿಡಿಸಿತು.

ಹನಗೋಡಿನ ಹತ್ತಿರದ ಒಂದು ಮನೆಗೆ ನಾವು ಹೋದದ್ದು ಇದೆಲ್ಲ ಆದ ಮೇಲೆ. ನೀರಾವರಿ ಇರುವ ಜಮೀನು, ಮನೆಯ ಹಿಂದೆ ಕೊಟ್ಟಿಗೆ, ಮುಂದೆ ಉದ್ದ ಜಗಲಿ. ಇದ್ದವರು ಅತ್ತೆ, ಸೊಸೆ, ಮಗ, ಮತ್ತು ಎರಡು ವರ್ಷ ತುಂಬುತ್ತಿದ್ದ ಗಂಡುಮಗು. ಮಗು ಹೆಸರು ಕರೆದರೆ ತಿರುಗುವುದಿಲ್ಲ, ಒಂದು ಮಾತೂ ಆಡುವುದಿಲ್ಲ ಎಂದು ಅಂಗನವಾಡಿಯವರು ತಿಳಿಸಿದ್ದರು. ಕಿವಿಯ ಪರೀಕ್ಷೆ ಆಗಿತ್ತು. ಕಿವಿ ಸರಿಯಾಗಿತ್ತು.

"ಕಿವಿ ಸರಿ ಅದೆ ಅಂದ್ರೆ ತಲೇಲೇ ಏನೂ ಇಲ್ಲ ಅಂತ ತಾನೇ ಮೇಡಂ?" ಎಂದ ಮಗುವಿನ ತಂದೆ. ಸರಕು ಗಾಡಿ ಓಡಿಸುತ್ತಿದ್ದ, ವಾರಕ್ಕೆ ಒಂದೆರಡು ದಿನ ಮನೆಯಲ್ಲಿರುತ್ತಿದ್ದ. "ಇಂಥವ್ನ ನೋಡ್ಕೊಳಕ್ಕೆ ಮೈಸೂರಲ್ಲಿ ಹಾಸ್ಟೆಲ್ ಅದೆಯಂತೆ. ವಿಚಾರಿಸಿವ್ನಿ. ಬುಟ್ಬುಡಾಣ ಅಂತ."

ಬಾಗಿಲ ಹಿಂದೆ ಸೊಸೆಯ ಸೀರೆಯ ಅಂಚು ಕಾಣುತ್ತಿತ್ತು. ಅದು ಅಲುಗಲಿಲ್ಲ. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅವರೂ ಏನೂ ಹೇಳಲಿಲ್ಲ.

"ಏನಂತ ಕರೀತೀರಿ ಮಗೂನ?" ಎಂದರು ಮೇಡಂ.

ಅವನು ತನ್ನ ತಾಯಿಯ ಕಡೆ ನೋಡಿದ. ಕೊನೆಗೆ ಅತ್ತೆ, "ಅದ್ಕೆ ಉಣ್ಣಕ್ಕಿಕ್ಕು, ಅದ್ನ ಮಲಗ್ಸು ಅಂತೀವಿ" ಎಂದರು.

"ಕೊಟ್ಟಿಗೇಲಿರೋ ಕರುಗೆ ಹೆಸರದೆಯಾ?"

"ಗೌರಿ."

"ಕರುಗೆ ಗೌರಿ. ಮಗೂಗೆ ಅದು."

ತಂದೆಯೇ ವಿಷಯ ಬಿಡಿಸಿ ಹೇಳಿದ. ಮಗು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಅವನ ಅಪ್ಪ, ಮಗುವಿನ ತಾತ, ತೀರಿಕೊಂಡಿದ್ದರು. ಅವರೇ ತಿರುಗಿ ಬಂದಿದ್ದಾರೆ ಎಂದು ಅವನ ತಾಯಿ, ಅಂದರೆ ಅತ್ತೆ, ಮಗುವಿಗೆ ಅವರ ಹೆಸರನ್ನೇ ಇಡಿಸಿದ್ದರು. ಬೇರೆ ಯಾವ ಅಡ್ಡಹೆಸರಿನಿಂದಲೂ ಕರೆಯಕೂಡದು, ಕರೆದರೆ ಬಂದವರು ಹೊರಟುಹೋಗುತ್ತಾರೆ ಎಂದಿದ್ದರು. ಆದರೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಸೊಸೆ ಮಾವನ ಹೆಸರು ಹೇಳುವಂತಿಲ್ಲ. "ಇನ್ನ ನಾನು. ನಮ್ಮಪ್ಪನ್ ಹೆಸರಿಡ್ದು ಏಯ್ ಬಾರೋ ಅನ್ನಕ್ಕಾಯ್ತದಾ ನೀವೇ ಯೋಳಿ. ಒಂದೊಂದ್ ಸಲ ಶಿಳ್ಳೆ ಒಡೀತೀನಿ."

"ಶಿಳ್ಳೆಗೆ ತಿರುಗ್ತಾನಾ?"

"ನಾಯಿ ತಿರುಗ್ತದೆ."

ನಾನು ನಗದಿರಲು ತುಟಿ ಬಿಗಿಹಿಡಿದೆ. ಮೇಡಂ ನಗಲಿಲ್ಲ. ಮಗುವನ್ನು ಅದರ ಹೆಸರಿನಿಂದ ಜೋರಾಗಿ ಕರೆದರು. ಆ ಹೆಸರು ಕೇಳಿದ ಕೂಡಲೇ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮಗು ತಿರುಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ಒಂದು ಜೋಳದ ದಂಟನ್ನು ನೋಡುತ್ತಿತ್ತು.

ಹೆಸರು ಕೇಳಿಯೇ ಇಲ್ಲದ ಮಗು ಹೆಸರಿಗೆ ತಿರುಗುವುದು ಹೇಗೆ? ಕಾರಣ ಸಿಕ್ಕಿತು ಎಂದುಕೊಂಡೆ. ಆದರೆ ಕಾರಣ ಸಿಕ್ಕಿದರೆ ಸಾಲದು. ಎರಡು ವರ್ಷ ಯಾರೂ ಕರೆಯದೆ, ಮಾತಾಡಿಸದೆ ಬೆಳೆದಿದ್ದರೆ ಆಗಿರುವ ಕೊರತೆ ನಿಜವಾದದ್ದೇ. ಹಾಸ್ಟೆಲ್ಲಿಗೆ ಹೋದರೆ ಅದು ಇನ್ನೂ ಹೆಚ್ಚುತ್ತದೆ. ಅದನ್ನು ಈ ತಂದೆಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಸೊಸೆ ಬಂದು ಮಗುವನ್ನು ಎತ್ತಿಕೊಂಡು ಹಾಲು ಕರೆಯಲು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಡಂ ಕೈ ತೊಳೆಯುವ ನೆಪದಲ್ಲಿ ಅದೇ ಕಡೆ ಹೋದರು. ಬೇಗ ಬರಲಿಲ್ಲ. ಬಂದವರು ಕನ್ನಡಕ ಒರೆಸಿಕೊಂಡು, ತಂದೆಗೆ ಎಂದಿಗಿಂತ ತಗ್ಗಿದ ದನಿಯಲ್ಲಿ ಹೇಳಿದರು.

"ನೋಡಪ್ಪ, ನಿನ್ನ ಮಗನ ತಲೆ ಚೆನ್ನಾಗದೆ. ಅವನಿಗೆ ಜೋರು ದನಿ ಆಗಲ್ಲ, ಅಷ್ಟೇ. ಮಳೆಗಾಲ ಮುಗಿಯೋವರ್ಗೂ ಎಲ್ಲೂ ಕಳಿಸಬೇಡ. ಮನೇಲಿ ಎಲ್ರೂ ಹತ್ರ ಕೂತು, ಅವನ ಮುಖ ನೋಡ್ಕೊಂಡು, ಮೆತ್ತಗೆ ಮಾತಾಡಿ. ಇದೇ ಔಷ್ದಿ ಅನ್ಕೊ."

"ಮೆತ್ತಗೆ ಮಾತಾಡೋದೂ ಒಂದು ಔಷ್ದಿನಾ ಮೇಡಂ?"

"ಕಾಸಿಲ್ದೆ ಕೊಟ್ಟಿದ್ದಕ್ಕೆ ನಂಬಿಕೆ ಬರಲ್ವಾ? ನೂರು ರೂಪಾಯಿ ಕೊಡು, ನಂಬಿಕೆ ಬರ್ತದೆ."

ಅವನು ನಕ್ಕು, ಮಳೆಗಾಲದವರೆಗೆ ಎಂದು ಒಪ್ಪಿದ. ಹೊರಡುವಾಗ ಮೇಡಂ ಬಾಗಿಲ ಬಳಿ ನಿಂತು ಸೊಸೆಗೆ, "ನೀನು ಏನು ಮಾಡ್ತಿದ್ಯೋ ಅದ್ನೇ ಮಾಡ್ತಿರು ಮಗಳೇ" ಎಂದರು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು.

ಹನಗೋಡಿನ ಬಸ್ಸಿಗೆ ಕಾಯುವಾಗ ನನಗೆ ಹೇಳಿದರು. ಕೊಟ್ಟಿಗೆಯಲ್ಲಿ ಅವಳು ಹಸುವಿನ ಹೊಟ್ಟೆಗೆ ತಲೆ ಆನಿಸಿ ಹಾಲು ಕರೆಯುತ್ತ, ಹುಲ್ಲಿನ ಮೇಲೆ ಕೂತ ಮಗುವನ್ನು ಪಿಸುಮಾತಿನಲ್ಲಿ ಕರೆಯುತ್ತಿದ್ದಳಂತೆ. ಮಾವನ ಹೆಸರಿನಿಂದಲೇ. ಕರೆದಾಗಲೆಲ್ಲ ಮಗು ತಿರುಗಿ ನಗುತ್ತಿತ್ತಂತೆ. ಅವಳು ಏನೋ ಕೇಳಿದರೆ ತಾನೂ ಏನೋ ಪಿಸುಗುಟ್ಟುತ್ತಿತ್ತಂತೆ.

"ತನ್ನ ಹೆಸರು ಅಂದ್ರೆ ಪಿಸುಮಾತು ಅಂತ ತಿಳ್ಕೊಂಡವನೆ ಕಣೇ" ಎಂದರು. "ಜೋರಾಗಿ ಕರೆದ್ರೆ ಅದು ಬೇರೆ ಯಾರ್ದೋ ಹೆಸರು. ಆ ಕೂಸಿಗೆ ಬೇಕಾದ್ದೆಲ್ಲ ಸಿಕ್ತಾ ಅದೆ. ಕಳ್ಳತನದಲ್ಲಿ ಸಿಕ್ತಾ ಅದೆ, ಅಷ್ಟೇ."

"ಅದನ್ನೇ ಅವರಿಗೆ ಹೇಳಬಹುದಿತ್ತಲ್ಲ ಮೇಡಂ. ಹಾಸ್ಟೆಲ್ ಮಾತು ಇವತ್ತೇ ಮುಗೀತಿತ್ತು."

"ಹೇಳಿದ್ರೆ ಆ ಅತ್ತೆ ಏನ್ಮಾಡ್ತಾರೆ? ಸತ್ತ ಮಾವನ ಹೆಸರು ಕೊಟ್ಟಿಗೇಲಿ ಕೂತು ಹೇಳ್ತಾಳೆ ಅಂತ ಬಾಯ್ ಮುಚ್ಚುಸ್ತಾರೆ. ಆಮೇಲೆ ಆ ಕೂಸ್ನ ಯಾರು ಕರೀತಾರೆ, ನೀನಾ?"

ನಾನು ಬಸ್ಸು ಬರುವ ಕಡೆ ನೋಡಿದೆ.

ಮಳೆಗಾಲ ಮುಗಿಯುವವರೆಗೆ ನಾವು ಹಲವು ಸಲ ಹೋದೆವು. ತಂದೆ ಬಂದಾಗಲೆಲ್ಲ ಮಗನ ಎದುರು ಕೂತು, ಗಾಡಿಯ ಟೈರಿನ ವಿಷಯ, ರಸ್ತೆಯ ಗುಂಡಿಯ ವಿಷಯ ಮೆತ್ತಗೆ ಹೇಳುತ್ತಿದ್ದ. ಬೇರೆ ಮಾತು ಅವನಿಗೆ ತೋಚುತ್ತಿರಲಿಲ್ಲ. ಮಗು ಮೊದಲು ಅವನ ಬಾಯಿ ನೋಡಿತು. ಆಮೇಲೆ ಅವನ ಮೀಸೆ ಹಿಡಿಯಿತು. ಒಂದು ದಿನ ನಾವು ಹೋದಾಗ ಅವನು ಅಂಗಳದಲ್ಲೇ ನಿಂತು, "ಟಯರು ಅಂದ್ಬುಟ್ಟ ಮೇಡಂ!" ಎಂದು ಕೂಗಿದ. ಆಮೇಲೆ ತಾನೇ ಬಾಯಿಯ ಮೇಲೆ ಕೈಯಿಟ್ಟುಕೊಂಡು ಮೆತ್ತಗೆ, "ಟಯರು ಅಂದ" ಎಂದ. ಹಾಸ್ಟೆಲ್ಲಿನ ಮಾತು ಮತ್ತೆ ಬರಲಿಲ್ಲ. ಅತ್ತೆ ಮಾತ್ರ ಆಗಲೂ ಕಂಬಕ್ಕೆ ಒರಗಿ ಸುಮ್ಮನೆ ಕೂತಿರುತ್ತಿದ್ದರು. ಹೊರಡುವಾಗ ಮೇಡಂ ಅವರ ಪಕ್ಕ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಅವರಿಬ್ಬರೂ ಏನು ಮಾತಾಡುತ್ತಿದ್ದರೋ ನಾನು ಕೇಳಿಸಿಕೊಂಡವಳಲ್ಲ.

ಮೇಡಂ ಹೋದ ಮೇಲೆ ಅವರು ನೋಡುತ್ತಿದ್ದ ಮನೆಗಳು ನನ್ನ ಪಾಲಿಗೆ ಬಂದವು. ಹನಗೋಡಿನ ಕಡೆ ಹೋಗುವ ದಿನ ಬಂತು, ಹೋದೆ. ದುಃಖ ಹಂಚಿಕೊಳ್ಳಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಸೊಸೆ ಹಿತ್ತಲಲ್ಲಿದ್ದಾಳೆ ಎಂದರು.

"ನಿಮ್ ಮೇಡಮ್ಮು ಬರ್ನಿಲ್ವಾ?"

"ತೀರಿಕೊಂಡರು ಅಮ್ಮ. ಹೋದ ವಾರ."

ಮೊರ ನಿಂತಿತು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡರು.

"ಅವ್ರಿಗೆ ಒಂದ್ ಮಾತು ಯೋಳಿದ್ದೆ ಕಣವ್ವ. ನಿಂಗೇನಾರ ಯೋಳಿದ್ರಾ?"

"ಇಲ್ಲ. ಏನು?"

"ಯೋಳ್ನಿಲ್ಲ, ಅಲ್ವಾ. ಯೋಳಕಿಲ್ಲ ಅಂದಿದ್ರು. ಅಂಗೇ ಹೋದ್ರು."

ಹಿತ್ತಲ ಕಡೆ ಒಮ್ಮೆ ನೋಡಿ ಅವರು ದನಿ ತಗ್ಗಿಸಿದರು.

"ನನ್ ಸೊಸೆ ಕೊಟ್ಟಿಗೇಲಿ ನಮ್ ಯಜಮಾನ್ರ ಹೆಸರಿಡ್ದು ಕೂಸ್ನ ಕರೀತಿದ್ಳು. ಕೂಸು ಹುಟ್ದಾಗಿಂದ್ಲೂ. ನಾನು ಕೊಟ್ಟಿಗೆ ಗ್ವಾಡೆ ಈಚೆ ಬಂದು ಕೂತ್ಕತಿದ್ದೆ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಅವ್ಳು ಕರ್ಯದು, ಅದು ನಗದು, ಎಲ್ಲ ಕೇಳುಸ್ತಿತ್ತು. ಕೂಸಿಗೆ ಎಲ್ಲ ತಿಳೀತದೆ ಅಂತ ನಂಗೆ ಎಲ್ರಿಗಿಂತ ಮುಂಚೆ ಗೊತ್ತಿತ್ತು."

"ಮತ್ತೆ ಹಾಸ್ಟೆಲ್ಲಿಗೆ ಬಿಡ್ತೀನಿ ಅಂದಾಗ..."

"ಗೊತ್ತು ಅಂದಿದ್ರೆ ಅವ್ಳ್ನ ಬಯ್ಬೇಕಾಯ್ತಿತ್ತು. ಅತ್ತೆ ಅಲ್ವಾ ನಾನು. ಬಯ್ದಿದ್ರೆ ಅವ್ಳು ನಿಲ್ಲುಸ್ಬುಡೋಳು." ಅವರು ಮೊರದ ಅಂಚನ್ನು ಬೆರಳಿನಿಂದ ಸವರಿದರು. "ಇಷ್ಟ್ ವರ್ಸ ಸಂಸಾರ ಮಾಡ್ದೆ, ಒಂದ್ ಕಿತಾನೂ ಆ ಹೆಸರು ನನ್ ಬಾಯಲ್ಲಿ ಬರ್ನಿಲ್ಲ. ಅವ್ರು ಹೋದ್ ಮೇಲೆ ಊರಲ್ಲಿ ಯಾರೂ ಅನ್ನೋರಿಲ್ಲ. ಆ ಗ್ವಾಡೆ ತಾವ ಒಂದೇ ಕೇಳುಸ್ತಿದ್ದುದ್ದು. ಅದ್ಕೆ ಸುಮ್ಕಿದ್ದೆ. ಕೂಸ್ನ ಕಳುಸ್ಬುಡ್ತಾರೆ ಅಂತ ಗೊತ್ತಿದ್ರೂ ಸುಮ್ಕಿದ್ದೆ. ಇದ್ನ ನಿಮ್ ಮೇಡಮ್ಗೆ ಯೋಳ್ದೆ. ಬಯ್ತಾರೆ ಅನ್ಕಂಡಿದ್ದೆ. ಬಯ್ನಿಲ್ಲ."

ದೊಡ್ಡವರನ್ನು ಬಯ್ಯದೆ ಬಿಡದ ಮೇಡಂ ಇವರನ್ನು ಬಯ್ದಿರಲಿಲ್ಲ. ಸೊಸೆಯ ಗುಟ್ಟನ್ನು ಅತ್ತೆಗೆ ಹೇಳದೆ, ಅತ್ತೆಯ ಗುಟ್ಟನ್ನು ಸೊಸೆಗೂ ನನಗೂ ಹೇಳದೆ, ಪಕ್ಕದ ಸೀಟಿನಲ್ಲಿ ಕೂತು ಬಿಸಿಲಿನ ವಿಷಯ ಮಾತಾಡುತ್ತ ಎಷ್ಟೋ ಸಲ ಹುಣಸೂರಿಗೆ ವಾಪಸು ಬಂದಿದ್ದರು.  ಆಗಲೂ ನಾನು ಅಳಲಿಲ್ಲ. ನೀರು ಕೇಳಿದೆ. ಅವರು ಎದ್ದು ಹೋಗಿ ಚೊಂಬಿನಲ್ಲಿ ತಂದುಕೊಟ್ಟರು.

ಕುಡಿದು ಚೊಂಬು ಕೆಳಗಿಟ್ಟು ಕೇಳಿದೆ. "ಈಗ ಹೇಗೆ ಕರೀತಾಳಮ್ಮ?"

"ಈಗ್ಲೂ ಅಂಗೇಯಾ. ನಂಗೆ ಕೇಳುಸಕಿಲ್ಲ ಅನ್ಕಂಡು ಅವ್ಳು ಮೆತ್ತಗೇ ಕರೀತಾಳೆ." ಅವರ ಬಾಯಂಚಿನಲ್ಲಿ ನಗುವಿನಂಥದ್ದು ಬಂತು. "ಆ ಕಳ್ಳ ಮಾತ್ರ ಊರ್ಗೆಲ್ಲ ಕೇಳೋ ಅಂಗೆ ಓ ಅಂತಾನೆ."

ಅವರು ಮೊರ ಎತ್ತಿಕೊಂಡರು, ಆದರೆ ಕೇರಲಿಲ್ಲ. ಇಬ್ಬರೂ ಹಿತ್ತಲ ಕಡೆ ಕಿವಿ ಕೊಟ್ಟು ಕೂತೆವು. ಸ್ವಲ್ಪ ಹೊತ್ತು ಹಸುವಿನ ಕೊರಳ ಗಂಟೆ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ, ಮುಂಚೆ ಯಾರೂ ಕರೆದದ್ದು ಕೇಳಿಸದೆಯೇ, ಮಗುವಿನ ದನಿ ಬಂತು.

"ಓ..."